ತಿರುಗಿ ನಿಂತ ಹೆಸರು

ಹೇಮಂತಣ್ಣ,

ಕಂಪ್ಯೂಟರಿನ ರೇಸಿನ ಆಟದಲ್ಲಿ ನಾನು ಬಣ್ಣ ಹಚ್ಚಿದ ಕಾರಿನ ಮೇಲೆ ನನ್ನ ಹೆಸರು ಅಳಿಸಿ ನಿನ್ನ ಹೆಸರು ಬರೆದಿದ್ದೀ.

ನಾನು ಓದುಗರ ಕೂಟಕ್ಕೆ ಅಣ್ಣಿಗೇರಿಗೆ ಹೊರಟೆ. ರೊಟ್ಟಿ ಬುಟ್ಟಿಯಲ್ಲಿವೆ, ಪಲ್ಯ ಬಿಸಿ ಮಾಡಿಕೋ. ಎಮ್ಮೆಗೆ ನೀರು ಕುಡಿಸು.

ಕಾರಿನ ಆ ಕೆಂಪು ಬಣ್ಣ, ಆಟ ಮಾಡಿದವರು ಕೊಟ್ಟದ್ದಲ್ಲ. ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿಯ ಫೋಟೋದಿಂದ ನಾನು ತೆಗೆದದ್ದು. ಕಾರಿನ ಚಿತ್ರದ ಫೈಲು ತೆರೆದು, ನೆರಳು ಹೊಳಪು ಕೆಡದಂತೆ ಅದನ್ನು ಹಚ್ಚಲು ಹನ್ನೊಂದು ದಿನ ಹಿಡಿಯಿತು. ನೀನು ಗೆಳೆಯರ ಮುಂದೆ "ನಾನ ಮಾಡೇನಲೇ" ಅಂದೆಯಂತೆ. ನಾಚಿಕೆ ಬರಲಿಲ್ಲವೇ?

ಆಟವು ಒಂದೇ ಚಿತ್ರವನ್ನು ತಿರುಗಿಸಿ ಎರಡೂ ಬಾಗಿಲಿಗೆ ಅಂಟಿಸುತ್ತದೆ. ಅದಕ್ಕೇ ನಾನು ಹೆಸರನ್ನು ಬಾನೆಟ್ಟಿನ ಮೇಲೆ ಬರೆದಿದ್ದೆ. ನೀನು ಬಾಗಿಲ ಮೇಲೆ ಬರೆದೆ. ಈಗ ಎಡಬಾಗಿಲಲ್ಲಿ ಹೇಮಂತ ಸರಿಯಾಗಿದ್ದಾನೆ, ಬಲಬಾಗಿಲಲ್ಲಿ ಕನ್ನಡಿಯೊಳಗಿನ ಹಾಗೆ ತಿರುಗಿ ನಿಂತಿದ್ದಾನೆ. ಮಾಡಿದವನಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಗೆಳೆಯರೆಲ್ಲ ನಕ್ಕ ಮೇಲೆ, ನಾನು ತಿದ್ದಲೆಂದು ಲ್ಯಾಪ್‌ಟಾಪನ್ನು ನನ್ನ ಹಾಸಿಗೆಯ ಮೇಲಿಟ್ಟು ಹೋಗಿದ್ದೀ.

ಅವ್ವ ಬೆಳಿಗ್ಗೆಯಿಂದ ಬೆನ್ನು ಹತ್ತಿದ್ದಾಳೆ. "ರವಿವಾರ ಅವರ ಸ್ಪರ್ಧಾ ಐತಿ. ಅವನ ಹೆಸರು ನೆಟ್ಟಗ ಬರದುಕೊಡವಾ, ಅಣ್ಣ ಅಲ್ಲೇನು?"

ಅವಳಿಗೆ ಹೇಳಿದ್ದನ್ನೇ ನಿನಗೂ ಬರೆದಿಡುತ್ತೇನೆ: ನಾ ಬರಿಯಂಗಿಲ್ಲ.

ಮಹಾನಂದಾ