ಹಲ್ಲಿಯ ಬಾಲ

ಕೇಪ್ ಕೆನವೆರಲ್, ಬುಧವಾರ

ಪರಮಪೂಜ್ಯ ಅಕ್ಕನ ಸನ್ನಿಧಿಗೆ,

ನೀನು ಕಳಿಸಿದ ರಬ್ಬರ್ ಹಲ್ಲಿಯನ್ನು ನಾವು ತಪಾಸಣೆ ಮಾಡುವ ಬಾಹ್ಯಾಕಾಶ ಷಟಲ್ ನೌಕೆಯೊಳಗೆ, ತಮಾಷೆಗೆಂದು, ಕಮಾಂಡರ್ ಆಸನದ ಮೇಲೆ ವಿಧಿವತ್ತಾಗಿ ಪ್ರತಿಷ್ಠಾಪಿಸಿದೆ. ನಮ್ಮ ಮೇಲ್ವಿಚಾರಕಿ ಥೆಲ್ಮಾ ಎತ್ತಿ ನೋಡಿದರೆ ಅದಕ್ಕೆ ಬಾಲವೇ ಇಲ್ಲ! ಒಳಗೆ ಬಿದ್ದ ಚೂರು ಸಿಗದೆ ಉಡಾವಣೆಯಿಲ್ಲ; ಮೇಲೆ ಹೋದಾಗ ತೇಲಿ ಯಾವ ಯಂತ್ರಕ್ಕೆ ಸಿಕ್ಕಿಕೊಂಡೀತೋ. ಅರವತ್ತರ ಆಕೆ ನನ್ನ ಜೊತೆ ಆರು ಗಂಟೆ ತೆವಳಿ ಹುಡುಕಿದರು. ಕೊನೆಗೆ ನೋಡಿದರೆ ಬಾಲ ನನ್ನ ಕಾಲುಚೀಲಕ್ಕೇ ಅಂಟಿತ್ತು.

"ಸಿಕ್ತಲ್ಲ, ಬಿಡೋ ಕಪಿ. ಇಲ್ಲಿ ಕೂರೋ ಏಳು ಜನಕ್ಕೂ ಮನೇಲಿ ಮಕ್ಕಳಿದಾರೆ," ಎಂದರಷ್ಟೆ. ತಪಾಸಣೆ ಪುಸ್ತಕದಲ್ಲಿ ತಪ್ಪಿನ ಮುಂದೆ ತಮ್ಮ ಹೆಸರು ಬರೆದುಕೊಂಡರು. ಅದನ್ನು ನೋಡಿಯೂ ನಾನು ಮನೆಗೆ ಬಂದುಬಿಟ್ಟೆ.

ಮಂಡಿ ತರಚಿದೆ, ಉಳಿದಂತೆ ಕ್ಷೇಮ. ನಾಚಿಕೆಗೆ ಊಟ ಸೇರುತ್ತಿಲ್ಲ. ನಾಳೆ ಬೆಳಗ್ಗೆ ಆ ಹೆಸರು ಹೊಡೆಸಿ ನನ್ನದು ಬರೆಸುತ್ತೇನೆ. ಕೆಲಸ ಹೋದರೆ ನಿನ್ನ ಮನೆಗೇ ಬರುತ್ತೇನೆ, ಹಲ್ಲಿ ಬರುವುದಿಲ್ಲ.

ಬಾಲ ಮುದುರಿದ ತಮ್ಮ,
ರಸ್ಟಿ