ಔಷಧ ಹೊಡೆದ ದಿನ

ಜನವರಿ 28, ಮಂಗಳವಾರ

ದ್ರಾಕ್ಷಿ ಆಪ್‌ನ ಕೋಡ್ ಸರಿಯಿದೆಯೇ ನೋಡಲು ಮೂವತ್ತೆಂಟು ಟೆಸ್ಟ್. ಎಲ್ಲದರಲ್ಲೂ ಅದೇ ನಾಲ್ಕು ಸಾಲು. ಶಾಲೆ ಬಿಟ್ಟದ್ದೂ ಇದಕ್ಕೇ — ಬರೆದದ್ದನ್ನೇ ಬರೆಯುವುದು ನನ್ನಿಂದಾಗದು. ಅಳಿಸಿದೆ. ತಪಾಸಣೆಯನ್ನು ಒಂದೇ ಕಡೆ ಬರೆದಿಟ್ಟೆ: ಔಷಧ ಹೊಡೆದ ಮೇಲೆ ಆಪ್ ಹೇಳುವ ಕಟಾವಿನ ದಿನ ಸರಿಯೇ? ಇನ್ನು ಎಲ್ಲ ಟೆಸ್ಟೂ ಅದನ್ನೇ ಕರೆಯುತ್ತವೆ. ರನ್ ಮಾಡಿದೆ. ಪೂರ್ತಿ ಹಸಿರು, ಎಲ್ಲವೂ ಪಾಸು.

ಆಪ್ ಬರೆದವರು ವಿಶಾಲ ಸರ್, ಚಿಕ್ಕೋಡಿಯ ಈ ಆಫೀಸೂ ಅವರದೇ. ಚಹಾ ತರಿಸಿದರು. "ಮಾಯಾ, ಸೋಮವಾರ ಕಾಗವಾಡದ ದ್ರಾಕ್ಷಿ ರೈತರಿಗೆಲ್ಲಾ ಆಪ್ ಬಿಡೂದು."

ಫೆಬ್ರುವರಿ 1, ಶನಿವಾರ. ಬೆಳಿಗ್ಗೆ 11

ಸಕ್ಕುಬಾಯಿ ಆಯಿಯ ಫೋನ್. ಕಾಗವಾಡದಲ್ಲಿ ಆಪ್ ಮೊದಲು ಬಳಸಿ ನೋಡುತ್ತಿರುವವರು.

"ಏನಬೇ, ಸೋಮವಾರ ಔಷಧ ಹೊಡದೀನಿ. ಏಳನೇ ದಿನಕ್ಕ ಕೊಯ್ರಿ, ಹೊಡದ ದಿನಾ ಹಿಡೀಬ್ಯಾಡ್ರಿ ಅಂತ ಅಂಗಡ್ಯಾಂವ ಹೇಳ್ಯಾನ. ನಿಮ್ಮ ಆಪ್ ನಾಳೆ ಐತವಾರನ ಕತ್ರಿ ಹಿಡಿ ಅಂತೈತಿ. ಮಂದಿಗೆ ವಿಷ ತಿನಸ್ಲೇನ?"

ನಮ್ಮ ಮನೆಯಲ್ಲಿ ಕುರಿ ಮರಿ ಹಾಕಿದ ದಿನವನ್ನೇ ಒಂದು ಎಂದು ಎಣಿಸುತ್ತಾರೆ. ಬಾಣಂತಿಗೂ ಹಾಗೇ. ನಾನೂ ಹಾಗೇ ಎಣಿಸಿದ್ದೆ. ಸರ್ ಕೂಡ ಹಾಗೇ. ಇಬ್ಬರದೂ ಒಂದೇ ತಪ್ಪು... ಅದಕ್ಕೇ ಹಸಿರು.

ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಊರೆಲ್ಲ ಒಂದು ದಿನ ಮೊದಲೇ ಕಟಾವು.

ಅದೇ ದಿನ, ಸಂಜೆ 5

ಸರ್‌ಗೆ ಹೇಳಿದೆ.

"ಎಲ್ಲಾ ಹಸಿರ ಐತೆಲ್ಲ?"

"ಆ ಹಸಿರ ಸುಳ್ಳ ಐತ್ರಿ ಸರ್. ನಾನ ಬರದ ಸುಳ್ಳು."

ಸರ್ ಬೆರಳು ಮಡಚಿ ಸೋಮವಾರದಿಂದ ಎಣಿಸಿದರು. ಮತ್ತೆ ಮೊದಲಿಂದ ಎಣಿಸಿದರು. ಆಮೇಲೆ — "ಮೂವತ್ತೆಂಟೂ ಕಡೆ ತಿದ್ದಬೇಕೇನ?"

"ಇಲ್ರಿ. ಒಂದ ಕಡೆ."

ತಿದ್ದಿದೆ. ರನ್. ಮೂವತ್ತೆಂಟೂ ಕೆಂಪು. ಸರ್ ತಲೆ ಮೇಲೆ ಕೈ ಇಟ್ಟುಕೊಂಡು ನಕ್ಕುಬಿಟ್ಟರು. "ನನ್ನ ತಪ್ಪ ಈಗ ಸಿಕ್ತ ನೋಡು!" ತಮ್ಮ ಕೋಡ್ ತಿದ್ದಿದರು. ಹಸಿರು.

ಆಯಿಗೆ ಫೋನ್ ಮಾಡಿದೆ. ಕಟಾವು ಸೋಮವಾರ. "ಆಳಿಗೆ ನಾಳೆ ಬರಾಕ ಹೇಳಿದ್ನೆಲ್ಲೇ!" ಎಂದು ಬೈದರು. ಬೈಗುಳ ಕೇಳಿ ಇಷ್ಟು ಹಗುರಾದದ್ದು ಇದೇ ಮೊದಲು.

ಫೆಬ್ರುವರಿ 3, ಸೋಮವಾರ

ಆಪ್ ರೈತರ ಕೈಗೆ ಹೋಯಿತು. ಕೆಲಸ ಉಳಿಯಿತು. ಸರ್ ಕೇಳಿದ್ದು ಒಂದೇ — "ನಿನ್ನ ತಪಾಸಣೆ ತಪ್ಪಿದ್ರ ಹಿಡಿಯೋರ ಯಾರು?"

ನ್ಯಾಯವಾದ ಪ್ರಶ್ನೆ. ಈಗ ಅದಕ್ಕೇ ಒಂದು ಟೆಸ್ಟ್ ಬರೆಯುತ್ತಿದ್ದೇನೆ. ಬೇಕೆಂದೇ ತಪ್ಪು ದಿನ ಕೊಟ್ಟೆ, ಭಾನುವಾರ. ತಪಾಸಣೆ ಒಪ್ಪಲಿಲ್ಲ. ಕೆಂಪು. ಶನಿವಾರ ಕೊಟ್ಟೆ. ಕೆಂಪು. ಖುಷಿಯಾಗಿ ಶುಕ್ರವಾರವನ್ನೂ — ಅಯ್ಯೋ, ಮತ್ತೆ ಬರೆದದ್ದನ್ನೇ ಬರೆಯುತ್ತಿದ್ದೇನೆ!