ಫಿಲ್ಮಿನಲ್ಲಿ ಬಿದ್ದ ಬೆರಳುಗಳು

ಫೆಬ್ರವರಿ ೩೦, ೨೨೧೮
(ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ತಪ್ಪೆಂದು ತಿದ್ದಬೇಡಿ.)

ಅಕ್ಷತಾ ಅಜ್ಜಿಯವರಿಗೆ ನಮಸ್ಕಾರಗಳು.

ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಅಜ್ಜಿ ಎಂದದ್ದನ್ನೂ ಮನ್ನಿಸಿ. ಈಗ ಹಿಂದಿನ ಕಾಲಕ್ಕೂ ಅಂಚೆ ಹೋಗುತ್ತದೆ; ಇದನ್ನು ಓದುವಾಗ ನಿಮಗೂ ನನ್ನಷ್ಟೇ ವಯಸ್ಸು, ಇಪ್ಪತ್ತಾರು. ನಾನು ನಿಮ್ಮ ಏಳನೇ ತಲೆಮಾರಿನವಳು. ಪದವಿ ಓದಿದವಳೇ, ಆದರೆ ನಾಲ್ಕು ದಿನದಿಂದ ನಿದ್ದೆಯಿಲ್ಲದೆ ವಾಕ್ಯಗಳು ಅಲ್ಲಲ್ಲಿ ಜೋಲಿ ಹೊಡೆಯುತ್ತವೆ.

ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚು. ಅದನ್ನು ಹೇಳಲೆಂದೇ ಈ ಪತ್ರ.

ನನ್ನ ಮಗಳು ಮುಗುಳಿಗೆ ಹನ್ನೊಂದು ತಿಂಗಳು. ಮಂಚದಿಂದ ಬಿದ್ದು ಎಡಗೆನ್ನೆ ಊದಿದೆ. ಮೂಳೆ ಬಿರುಕು ಬಿಟ್ಟಿದೆಯೇ ನೋಡಬೇಕು. ನಿಮ್ಮ ಎಕ್ಸ್‌ರೇಗೆ ನಾವು ನೆರಳುಪಟ ಎನ್ನುತ್ತೇವೆ. ಮಗುವಿನ ತಲೆಯನ್ನು ತಲೆದೊನ್ನೆಯಲ್ಲಿ, ಅಂದರೆ ತಲೆಯ ಅಳತೆಗೆ ತಾನೇ ಬಾಗಿಕೊಳ್ಳುವ ಮೆತ್ತನೆಯ ಬಟ್ಟಲಿನಲ್ಲಿ ಇಡುತ್ತಾರೆ. ಮೂಗು ನಡುಗೆರೆಯ ಮೇಲಿರಬೇಕು. ಗದ್ದ ಮೇಲೆದ್ದಿರಬೇಕು, ಇಲ್ಲದಿದ್ದರೆ ಕಿವಿಯೊಳಗಿನ ಗಟ್ಟಿ ಮೂಳೆಯ ನೆರಳು ಕೆನ್ನೆಯ ಮೂಳೆಯನ್ನು ಮುಚ್ಚುತ್ತದೆ. ತಾಯಂದಿರು ಗಾಜಿನಾಚೆ. ಮೂರು ಸಲವೂ ಮುಗುಳಿ ನನ್ನನ್ನು ಹುಡುಕುತ್ತ ತಲೆ ತಿರುಗಿಸಿದಳು, ಯಂತ್ರ ಪಟ ತೆಗೆಯದೆ ನಿಂತುಬಿಟ್ಟಿತು. ನಾಳೆಯೂ ಹಾಗಾದರೆ ಮದ್ದು ಕೊಟ್ಟು ಮಲಗಿಸುತ್ತಾರಂತೆ. ಅಷ್ಟು ಚಿಕ್ಕ ಮೈಗೆ ಮದ್ದು! ನನ್ನ ಹೆದರಿಕೆಯೆಲ್ಲ ಅದೇ.

ಆಗ ನಮ್ಮ ಸೋದರತ್ತೆ ಮನೆಯ ಹಳೆಯ ಪೆಟ್ಟಿಗೆಯಿಂದ ನಿಮ್ಮ ಫಿಲ್ಮು ತೆಗೆದುಕೊಟ್ಟರು. ನಿಮ್ಮ ಮಗುವಿನ ಪುಟ್ಟ ತಲೆಬುರುಡೆ. ಎರಡೂ ಬದಿಯಿಂದ ಅದನ್ನು ಹಿಡಿದ ನಿಮ್ಮ ಬೆರಳ ಮೂಳೆಗಳು. ಒಂದರಲ್ಲಿ ಉಂಗುರ, ಸರಿಯಾಗಿ ಕೆನ್ನೆಯ ಮೂಳೆಯ ಮೇಲೇ. ಅಂಚಿನಲ್ಲಿ ಯಾರೋ ಬರೆದಿದ್ದಾರೆ: 'ತಾಯಿಯ ಬೆರಳು ಬಿದ್ದಿದೆ. ಮತ್ತೆ ತೆಗೆಯಬೇಕು.' ಮತ್ತೆ ತೆಗೆದ ಒಳ್ಳೆಯ ಫಿಲ್ಮು ಮನೆಯಲ್ಲೆಲ್ಲೂ ಇಲ್ಲ. ನೀವು ಕೆಟ್ಟದ್ದನ್ನೇ ಜೋಪಾನ ಮಾಡಿದ್ದೀರಿ.

ನಾನು ಅದನ್ನು ಕೆಳಗಿಡಲೇ ಇಲ್ಲ. “ಏಳು ತಲಿ ಹಿಂದಿನವರ ಎಲುಬಿನ ಮ್ಯಾಲೂ ಹೊಟ್ಟಿಕಿಚ್ಚೇನವಾ?” ಎಂದು ಅತ್ತೆ ನಕ್ಕರು. ಹೌದು. ನಿಮ್ಮ ಕೈಗೆ ಮಗು ಸಿಕ್ಕಿತು, ನನ್ನ ಕೈಗೆ ಗಾಜು.

ಇಂದು ಆ ಫಿಲ್ಮನ್ನು ಪಟ ತೆಗೆಯುವ ಸಂಕಮ್ಮನವರಿಗೆ ಒಯ್ದು ತೋರಿಸಿದೆ. ಅವರು ಕಣ್ಣಿನ ಗುಳಿಯಿಂದ ಬುರುಡೆಯ ಅಂಚಿನವರೆಗೆ ಎರಡೂ ಕಡೆ ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ನಮ್ಮ ದೊನ್ನಿಗೂ ಇಷ್ಟು ನೆಟ್ಟಗ ಹಿಡೀಲಿಕ್ಕೆ ಬರಂಗಿಲ್ರಿ. ಬೆರಳ ಅಷ್ಟು ಮ್ಯಾಲ ಸರಿಸಿದ್ರ ಸಾಕಿತ್ತು. ನಾಳೆ ನೀವ ಹಿಡೀರಿ. ಉಂಗುರ ಮಾತ್ರ ಬಿಚ್ಚಿಟ್ಟು ಬರ್ರಿ.”

ನಾಳೆ ಕಿರಣ ತಡೆಯುವ ಸೀಸದ ಅಂಗಿ ತೊಟ್ಟು ಮುಗುಳಿಯ ತಲೆಯನ್ನು ನಾನೇ ಹಿಡಿಯುತ್ತೇನೆ, ಕಿವಿಗಿಂತ ಮೇಲೆ, ಪಟದ ಚೌಕಟ್ಟಿನ ಹೊರಗೆ. ನಿಮ್ಮ ತಪ್ಪಿನಿಂದ ಕಲಿತಿದ್ದೇನೆ, ಒಂದೇ ಸಲಕ್ಕೆ ಸರಿಯಾಗಿ ಬರುತ್ತದೆ. ಆದರೆ ಆ ಪಟದಲ್ಲಿ ನಾನಿರುವುದಿಲ್ಲ. ಮುಂದೆ ನೋಡುವವರು, ಮಗು ತಾನಾಗಿಯೇ ಅಷ್ಟು ನೆಟ್ಟಗೆ ಮಲಗಿತ್ತು ಎಂದುಕೊಳ್ಳುತ್ತಾರೆ. ನಿಮ್ಮದರಲ್ಲಿ ನೀವಿದ್ದೀರಿ, ಉಂಗುರದ ಸಮೇತ.

ಒಂದೇ ಕೋರಿಕೆ. ಈ ಪತ್ರ ತಲುಪುವಾಗ ಆ ಫಿಲ್ಮು ನಿಮ್ಮ ಕೈಯಲ್ಲೇ ಇರಬಹುದು. ಕೆಟ್ಟದ್ದು, ಬಿಸಾಡುತ್ತೇವೆ ಕೊಡಿ ಎಂದರೆ ಕೊಡಬೇಡಿ. ಅದಿಲ್ಲದಿದ್ದರೆ ನಾಳೆಯೂ ನಾನು ಗಾಜಿನಾಚೆಯೇ.

ನಿಮ್ಮ ಮೇಲೆ ಇನ್ನೂ ಸಿಟ್ಟಿರುವ,
ಮಂದಾರೆ